ಎಚ್‌ಐವಿ ಸೋಂಕಿತ ಗರ್ಭಿಣಿಯರಿಗೆ ನಗದು ನೆರವು: ಯೋಜನೆ ರೂಪಿಸುವ ಬಗೆ

ಎಚ್‌ಐವಿ ಇರುವ ಗರ್ಭಿಣಿಯರಿಗೆ ಚಿಕಿತ್ಸೆಯೇ ಸಿಗದಿದ್ದರೆ ಅವರಿಗೆ ಹುಟ್ಟುವ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುವ ಸಂಭವವಿದೆ. ತಾಯಿ ತಪ್ಪದೆ ಎಆರ್‌ಟಿ (ಎಚ್‌ಐವಿ ವೈರಾಣುವನ್ನು ಹತ್ತಿಕ್ಕುವ ಚಿಕಿತ್ಸೆ) ಮಾತ್ರೆ ನುಂಗಿ, ಮಗುವಿಗೂ ಹುಟ್ಟಿದ ಕೂಡಲೇ ಔಷಧಿ ಆರಂಭಿಸಿದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಆದರೆ ಮಾತ್ರೆ ಉಚಿತವಾಗಿ ಸಿಕ್ಕರೂ ಆಸ್ಪತ್ರೆಗೆ ಬಂದು ಹೋಗುವ ಖರ್ಚು ಮತ್ತು ಅಂದು ತಪ್ಪಿದ ಕೂಲಿ ಬಡ ಹೆಂಗಸಿನ ಮೇಲೆಯೇ ಬೀಳುತ್ತವೆ. ನಗದು ನೆರವು ತುಂಬಬೇಕಾದದ್ದು ಈ ಕೊರತೆಯನ್ನು.

ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ರಾಜಧಾನಿ ಕಿನ್ಶಾಸಾದಲ್ಲಿ 2013ರಿಂದ ನಡೆದ ಪ್ರಯೋಗವೊಂದು ಇದಕ್ಕೆ ಒಳ್ಳೆಯ ಮಾದರಿ. ಹೊಸದಾಗಿ ಸೋಂಕು ಪತ್ತೆಯಾದ 433 ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ಮೊದಲು 5 ಡಾಲರ್, ಆಮೇಲೆ ಪ್ರತಿ ಭೇಟಿಗೂ 1 ಡಾಲರ್ ಏರಿಸುತ್ತ ಹಣ ಕೊಡಲಾಯಿತು. ಹೆರಿಗೆಯಾದ 6 ವಾರಗಳ ಹೊತ್ತಿಗೆ ಹಣ ಪಡೆದವರಲ್ಲಿ ಶೇ 81, ಪಡೆಯದವರಲ್ಲಿ ಶೇ 72 ಮಂದಿ ಚಿಕಿತ್ಸೆಯಲ್ಲಿ ಉಳಿದಿದ್ದರು. ಒಂದು ಭೇಟಿಯನ್ನೂ ತಪ್ಪಿಸದೆ ಎಲ್ಲ ಸೇವೆ ಪಡೆದವರು ಕ್ರಮವಾಗಿ ಶೇ 68 ಮತ್ತು ಶೇ 54.

ಆದ್ದರಿಂದ ಮೊತ್ತ ನಿಗದಿಪಡಿಸುವ ಮುನ್ನ ಅತಿ ದೂರದ ಹಳ್ಳಿಯಿಂದ ಬರುವವಳ ಹೋಗಿಬರುವ ಖರ್ಚನ್ನು ಅವಳ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಪ್ರಸವ ಸಮೀಪಿಸಿದಂತೆ ಓಡಾಟ ಕಷ್ಟವಾಗುವುದರಿಂದ ಮೊತ್ತ ಏರುತ್ತ ಹೋಗುವುದೇ ಸರಿ. ಷರತ್ತು ಭೇಟಿಗೆ ಬಂದು ಸೇವೆ ಪಡೆಯುವುದಕ್ಕೆ ಮಾತ್ರ ಇರಲಿ. ಮಗುವಿನ ಪರೀಕ್ಷೆಯ ಫಲಿತಾಂಶಕ್ಕೆ ಹಣವನ್ನು ಎಂದಿಗೂ ಜೋಡಿಸಬೇಡಿ, ಅದು ತಾಯಿಯನ್ನು ಶಿಕ್ಷಿಸಿದಂತಾಗುತ್ತದೆ.

ಹಣ ಕೊಡುವ ರೀತಿಯೂ ಮುಖ್ಯ. ಮಾತ್ರೆ ಕೊಟ್ಟು, ಮುಂದಿನ ತಾರೀಕನ್ನು ಕಾರ್ಡಿನಲ್ಲಿ ಬರೆದು, ಆಪ್ತಸಮಾಲೋಚಕಿಯೇ ಬಾಗಿಲು ಮುಚ್ಚಿದ ಕೋಣೆಯಲ್ಲಿ ಏನೂ ಬರೆಯದ ಲಕೋಟೆಯನ್ನು ಅವಳ ಕೈಗಿಡಲಿ. ಪ್ರತ್ಯೇಕ ಸಾಲು, ಬೇರೆ ಬಣ್ಣದ ಚೀಟಿ, ಹೆಸರು ಕೂಗುವುದು ಯಾವುದೂ ಬೇಡ, ಏಕೆಂದರೆ ಹೊರಗೆ ಕುಳಿತ ಓರಗಿತ್ತಿಗೆ ಸೋಂಕಿನ ಗುಟ್ಟು ಊಹಿಸಲು ಅಷ್ಟೇ ಸಾಕು. ನಮ್ಮಲ್ಲಿ ಇಂಥ ಯೋಜನೆ ಮಾಡುವವರಿಗೆ ಸೋಂಕಿನ ಮಾಹಿತಿಯ ಗೋಪ್ಯತೆ 2017ರ ಎಚ್‌ಐವಿ ಕಾಯ್ದೆ ವಿಧಿಸಿದ ಹೊಣೆಯೂ ಹೌದು.

ಕಿನ್ಶಾಸಾದಲ್ಲಿ ಹಣ ಪಡೆದವರಲ್ಲೂ ಸುಮಾರು ಐವರಲ್ಲಿ ಒಬ್ಬಳು ಕೈತಪ್ಪಿದಳೆಂಬುದನ್ನು ಮರೆಯಬಾರದು. ಭೇಟಿ ತಪ್ಪಿಸಿದವಳನ್ನು ಗದರದೆ, ಅವಳು ಮೊದಲೇ ಒಪ್ಪಿದ ಫೋನ್ ಸಂಖ್ಯೆಗೆ ಮಾತ್ರ ಕರೆ ಮಾಡಿ ವಿಚಾರಿಸಿ. ಎದೆಹಾಲಿನ ಮೂಲಕವೂ ಸೋಂಕು ದಾಟಬಲ್ಲದು, ಹಾಗಾಗಿ 6 ವಾರಗಳಿಗೆ ಹಣ ನಿಲ್ಲಿಸದೆ, ಮಗು ಹಾಲು ಬಿಟ್ಟ ಮೇಲಿನ ಕೊನೆಯ ಪರೀಕ್ಷೆಯವರೆಗಿನ ವೆಚ್ಚವನ್ನು ಬಜೆಟ್ಟಿನಲ್ಲಿ ಮೊದಲೇ ತೆಗೆದಿರಿಸಿ.