ಪ್ರೋನೋಟಿನ ಹಿಂದೆ ಬರೆಸಿದ ಒಂದು ಸಾಲು

ಗೆಳೆಯನಿಗೆ ಎರಡು ಲಕ್ಷ ಕೈಸಾಲ ಕೊಟ್ಟು ಆನ್ ಡಿಮ್ಯಾಂಡ್ ಪ್ರೋನೋಟು (ಕೇಳಿದಾಗ ಹಣ ಕೊಡುತ್ತೇನೆ ಅಂತ ಬರೆದ ಪತ್ರ) ಬರೆಸಿಕೊಂಡಿದ್ದೆ. ರೆವಿನ್ಯೂ ಸ್ಟ್ಯಾಂಪ್ ಮೇಲೆ ಸಹಿ ಇದೆಯಲ್ಲ ಅಂತ ಬೀರುವಿನಲ್ಲಿಟ್ಟು ಸುಮ್ಮನಾದೆ. ವಕೀಲರಿಗೆ ತೋರಿಸಿದಾಗ ಗೊತ್ತಾಯಿತು: ಬರೆದ ತಾರೀಖಿನಿಂದ 3 ವರ್ಷ ದಾಟಿದರೆ ದಾವೆ ಹೂಡಲು ಆಗುವುದಿಲ್ಲ. ಉಳಿದಿದ್ದು ಹನ್ನೊಂದೇ ದಿನ!

ಅವನ ಹತ್ತಿರ ಪೂರ್ತಿ ದುಡ್ಡಿರಲಿಲ್ಲ. ಐದು ಸಾವಿರ ಮಾತ್ರ ಪಡೆದೆ. ಪ್ರೋನೋಟಿನ ಹಿಂಬದಿಯಲ್ಲಿ 'ಅಸಲಿಗೆ ಇಷ್ಟು ಕೊಟ್ಟಿದ್ದೇನೆ' ಅಂತ ಅವನ ಕೈಯಲ್ಲೇ ಬರೆಸಿ, ತಾರೀಖು ಹಾಕಿಸಿ, ಸಹಿ ತೆಗೆದುಕೊಂಡೆ. ದಾವೆಗೆ ಕಾಲಮಿತಿ ಹೇಳುವ 1963ರ ಲಿಮಿಟೇಶನ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅಂದಿನಿಂದ ಮತ್ತೆ 3 ವರ್ಷ ಸಿಕ್ಕಿತು. ಅವನ ಸಹಿಯಿಲ್ಲದೆ ನಾನೇ ಬರೆದಿದ್ದರೆ ನಡೆಯುತ್ತಿರಲಿಲ್ಲ.

ನಾಳೆ 'ದುಡ್ಡೇ ಪಡೆದಿಲ್ಲ' ಅಂದರೆ? ಸಹಿ ಅವನದೇ ಅಂತಾದರೆ, ಪ್ರತಿಫಲ (ಇಲ್ಲಿ ಸಾಲದ ಹಣ) ಸಂದಿದೆ ಅಂತಲೇ ಕೋರ್ಟು ಮೊದಲು ಭಾವಿಸುತ್ತದೆ. ಇಲ್ಲ ಅಂತ ತೋರಿಸುವ ಹೊಣೆ ಅವನದೇ.