ಬಾಟಲಿ ಮೇಲೆ ಏನು ಬರೆದಿದೆ, ಪೂರ್ತಿ ಓದು

ತುಮಕೂರಿನ ಹಾಸ್ಟೆಲ್‌ನಲ್ಲಿ ಟ್ರಂಕು ಇಳಿಸಿದ ಸಂಜೆಯೇ ಸೀನಿಯರ್ ಒಬ್ಬ ಬಂದು ಮಂಚದ ತುದಿಯಲ್ಲಿ ಕೂತ. “ಯಾವ ಕಾಂಬಿನೇಷನ್ನು?” ಅಂದ. ಪಿಸಿಎಂ ಅಂದೆ. “ಯಾವ ಸೆಕ್ಷನ್ನು?” ಅಂದ. ಹೇಳಿದೆ. “ಹಂಗಾದ್ರೆ ಕೆಮಿಸ್ಟ್ರಿಗೆ ಆ ಮೇಡಮ್ಮೇ ಬರ್ತಾರೆ. ಮೊದಲನೇ ಇಂಟರ್ನಲ್‌ನಲ್ಲಿ ಅರ್ಧ ಕ್ಲಾಸು ಮಲಗುತ್ತೆ, ನೋಡ್ಕೊಳ್ರಿ” ಎಂದು ನನಗೂ ನನ್ನ ರೂಮ್‌ಮೇಟ್‌ಗೂ ಸೇರಿಸಿ ಹೇಳಿ ಎದ್ದು ಹೋದ. 2009ರ ಜುಲೈ ಅದು. ನಾನು ಬಿ.ಎಸ್‌ಸಿ. ಮೊದಲ ಸೆಮಿಸ್ಟರ್.

ಒಂದೇ ವಾರದಲ್ಲಿ ಆ ಮೇಡಂ ಬಗ್ಗೆ ಮೆಸ್ಸಿನಲ್ಲಿ, ಬಸ್‌ಸ್ಟಾಪಿನಲ್ಲಿ, ಲ್ಯಾಬಿನ ಬಾಗಿಲ ಹೊರಗೆ ಕೇಳಿದ ಮಾತುಗಳು ಬೇಕಾದಷ್ಟು. ಮಾರ್ಕ್ಸ್ ಹಾಕಲ್ಲ. ನೋಟ್ಸ್ ಬರೆಸಲ್ಲ. ಡೌಟ್ ಕೇಳಿದರೆ ಅವರೇ ತಿರುಗಿ ಪ್ರಶ್ನೆ ಕೇಳ್ತಾರೆ. ರೆಕಾರ್ಡ್ ಬುಕ್ ಎಸೀತಾರೆ. (ಕೊನೆಯದು ಸುಳ್ಳು. ಮೂರು ವರ್ಷದಲ್ಲಿ ಒಮ್ಮೆಯೂ ನೋಡಲಿಲ್ಲ.) ಫೈನಲ್ ಇಯರ್‌ನ ಹುಡುಗಿಯೊಬ್ಬಳು ಮಾತ್ರ ಬೇರೆ ಮಾತು ಆಡಿದಳು. “ಅವರು ಮಾಡಿದ ಪೇಪರ್ ಒಂದೇ ನಂಗೆ ಇವತ್ತಿಗೂ ನೆನಪಿರೋದು” ಅಂದಳು. ಆಗ ಆ ಮಾತಿಗೆ ನಾನು ಬೆಲೆ ಕೊಡಲಿಲ್ಲ. ಅವಳು ಇಂಗ್ಲಿಷ್ ಮೀಡಿಯಂನವಳು, ಅವಳ ಕಥೆಯೇ ಬೇರೆ ಅಂದುಕೊಂಡೆ.

ಈಗ ನಾನೂ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಅದೇ ಪೇಪರನ್ನು ಪಾಠ ಮಾಡುತ್ತಿದ್ದೇನೆ. ಮಕ್ಕಳು ನನ್ನ ಬಗ್ಗೆಯೂ ಮಾತಾಡಿಕೊಳ್ಳುತ್ತಾರೆ, ಕಿವಿಗೆ ಬೀಳುತ್ತದೆ. ಆದ್ದರಿಂದ ಆ ಸೆಮಿಸ್ಟರನ್ನು ನಾನು ಹೇಗೆ ದಾಟಿದೆ ಎಂಬುದನ್ನು ಒಮ್ಮೆ ಸರಿಯಾಗಿ ಬರೆದಿಡಬೇಕು ಅನ್ನಿಸಿತು.

ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ತಿಪಟೂರು ತಾಲ್ಲೂಕಿನ ಕನ್ನಡ ಶಾಲೆಯಲ್ಲಿ. ಆಮ್ಲ, ಪ್ರತ್ಯಾಮ್ಲ, ಲವಣ, ಉತ್ಕರ್ಷಣ, ಅಪಕರ್ಷಣ ಇವೆಲ್ಲ ನನ್ನ ಮನೆಯ ಮಾತಿನಷ್ಟೇ ಹತ್ತಿರವಿದ್ದವು. ಪಿಯುಸಿಗೆ ಬಂದಾಗ ಅವೆಲ್ಲ ಒಂದೇ ದಿನದಲ್ಲಿ ಇಂಗ್ಲಿಷಿಗೆ ತಿರುಗಿದವು. ಎರಡು ವರ್ಷ ಗೈಡ್ ಹಿಡಿದು ಉರು ಹೊಡೆದೆ. ಸಮೀಕರಣಗಳು ಪದ್ಯದ ಹಾಗೆ ಬಾಯಿಗೆ ಬರುತ್ತಿದ್ದವು. ಪಾಸೂ ಆದೆ. ಹಾಗಾಗಿ ಕೆಮಿಸ್ಟ್ರಿ ಎಂದರೆ ಬಾಯಿಪಾಠ ಎಂಬ ನಂಬಿಕೆ ಗಟ್ಟಿಯಾಗಿಯೇ ಕೂತಿತ್ತು.

ಮೇಡಂ ಮೊದಲ ಯೂನಿಟ್‌ನಲ್ಲೇ ಅದನ್ನು ಅಲ್ಲಾಡಿಸಿದರು. ಪೊಟ್ಯಾಸಿಯಂನ ಎಲೆಕ್ಟ್ರಾನ್ ವಿನ್ಯಾಸ ಬರೆಯಿರಿ ಅಂದರು. ಎಲ್ಲರೂ ಬರೆದೆವು, ಕೊನೆಗೆ 4ಎಸ್ ಕಕ್ಷಕದಲ್ಲಿ (ಎಲೆಕ್ಟ್ರಾನ್ ಇರುವ ಜಾಗ) ಒಂದು. “3ಡಿ ಖಾಲಿ ಇದೆಯಲ್ಲ, ಅಲ್ಲಿಗೆ ಯಾಕೆ ಹೋಗಲಿಲ್ಲ?” ಅಂದರು. ಯಾರೋ ಔಫ್‌ಬೌ (ಕಡಿಮೆ ಶಕ್ತಿಯ ಕಡೆ ಮೊದಲು ತುಂಬುವ ನಿಯಮ) ಅಂದರು. “ಅದು ಹೆಸರು. ನಾನು ಕೇಳಿದ್ದು ಕಾರಣ.” ಆಮೇಲೆ ನ್ಯೂಕ್ಲಿಯಸ್ಸಿನ ಎಳೆತಕ್ಕೆ ಒಳಗಿನ ಎಲೆಕ್ಟ್ರಾನುಗಳು ಎಷ್ಟು ಅಡ್ಡ ಬರುತ್ತವೆ ಎಂದು ಅಳೆಯುವ ಸ್ಲೇಟರ್ ನಿಯಮ ಹೇಳಿಕೊಟ್ಟು ನಮ್ಮ ಕೈಯಲ್ಲೇ ಲೆಕ್ಕ ಮಾಡಿಸಿದರು. ಹತ್ತೊಂಬತ್ತನೇ ಎಲೆಕ್ಟ್ರಾನ್ 4ಎಸ್‌ನಲ್ಲಿದ್ದರೆ ಒಳಗಿನ ಪಕ್ಕದ ಕವಚದ 8 ಎಲೆಕ್ಟ್ರಾನುಗಳು ತಲಾ 0.85, ಇನ್ನೂ ಒಳಗಿನ 10 ತಲಾ 1 ಅಡ್ಡ ಬರುತ್ತವೆ. ಒಟ್ಟು 16.8. ಹತ್ತೊಂಬತ್ತರಲ್ಲಿ ಅದನ್ನು ಕಳೆದರೆ ನ್ಯೂಕ್ಲಿಯಸ್ಸಿನ ಎಳೆತ 2.2 ಉಳಿಯುತ್ತದೆ. ಅದೇ ಎಲೆಕ್ಟ್ರಾನ್ 3ಡಿಯಲ್ಲಿದ್ದರೆ ಒಳಗಿನ ಹದಿನೆಂಟೂ ಪೂರ್ತಿ ಅಡ್ಡ ಬಂದು ಉಳಿಯುವುದು ಬರೀ 1. ನಾನು ಆ ಎರಡು ಸಂಖ್ಯೆಗಳನ್ನು ಬಹಳ ಹೊತ್ತು ನೋಡುತ್ತ ಕೂತಿದ್ದು ನೆನಪಿದೆ. ಪಿಯುಸಿಯಲ್ಲಿ ಓರೆ ಬಾಣಗಳ ಚಿತ್ರ ಬರೆದು ಉರು ಹೊಡೆದಿದ್ದರ ಹಿಂದೆ ಒಂದು ಲೆಕ್ಕವಿತ್ತು, ಅದನ್ನು ಯಾರೂ ತೋರಿಸಿರಲಿಲ್ಲ.

ಹಾಗಂತ ಎಲ್ಲ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮೊದಲ ಇಂಟರ್ನಲ್‌ನಲ್ಲಿ 25ಕ್ಕೆ 7 ಬಂತು. ರೂಮ್‌ಮೇಟ್‌ಗೆ 4. ಅವತ್ತು ರಾತ್ರಿ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. ಸೀನಿಯರ್ ಹೇಳಿದ್ದೇ ನಿಜ, ಇವರು ಬೇಕೂ ಅಂತ ಫೇಲ್ ಮಾಡ್ತಾರೆ ಎಂದು ನಾನೂ ಹೊಸಬರ ಮುಂದೆ ಹೇಳಿಕೊಂಡು ತಿರುಗಿದೆ. ಮುಂದಿನ ವರ್ಷದವರಿಗೆ ದಾಟುವ ಮಾತುಗಳಿಗೆ ನನ್ನದನ್ನೂ ಸೇರಿಸಿದೆ.

ನನ್ನ ಮನಸ್ಸು ತಿರುಗಿದ್ದು ಲ್ಯಾಬಿನಲ್ಲಿ.

ಆಕ್ಸಾಲಿಕ್ ಆಸಿಡ್‌ನ ಸ್ಟ್ಯಾಂಡರ್ಡ್ ದ್ರಾವಣ ಮಾಡಿಕೊಂಡು ಪರ್ಮಾಂಗನೇಟ್‌ನ ನಾರ್ಮಾಲಿಟಿ, ಅಂದರೆ ದ್ರಾವಣ ಎಷ್ಟು ಗಾಢ ಎಂಬ ಅಳತೆ, ಕಂಡುಹಿಡಿಯುವ ಪ್ರಯೋಗ ಅದು. 0.1 ನಾರ್ಮಲ್ ದ್ರಾವಣ, 250 ಎಂಎಲ್. ಆಕ್ಸಾಲಿಕ್ ಆಮ್ಲದ ಅಣುತೂಕ 90, ಒಂದು ಅಣು ಎರಡು ಎಲೆಕ್ಟ್ರಾನ್ ಕೊಡುವುದರಿಂದ ಎರಡರಿಂದ ಭಾಗಿಸಿದರೆ ಸಮಾನತೂಕ 45, ಲೀಟರಿಗೆ 4.5 ಗ್ರಾಂ, ಕಾಲು ಲೀಟರಿಗೆ 1.125 ಗ್ರಾಂ. ತೂಗಿದೆ, ಕರಗಿಸಿದೆ, ಸ್ಟ್ಯಾಂಡರ್ಡ್ ಫ್ಲಾಸ್ಕಿನ ಗುರುತಿನವರೆಗೆ ನೀರು ತುಂಬಿದೆ. 20 ಎಂಎಲ್ ಪಿಪೆಟ್ ಮಾಡಿ, ಸಾರರಿಕ್ತ ಸಲ್ಫ್ಯೂರಿಕ್ ಆಸಿಡ್ ಹಾಕಿ, ಬಿಸಿ ಮಾಡಿ ಬ್ಯುರೆಟ್‌ನಿಂದ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಟ್ಟೆ. ಮೊದಲ ಹನಿಯ ಬಣ್ಣ ಹೋಗಲು ಸತಾಯಿಸಿತು, ಆಮೇಲೆ ಹನಿಗಳು ಬಿದ್ದ ಹಾಗೇ ಮಾಯವಾದವು. 14.3ಕ್ಕೆ ತಿಳಿ ಗುಲಾಬಿ ನಿಂತಿತು. ಇನ್ನೊಮ್ಮೆ ಮಾಡಿದೆ, 14.3. ಮತ್ತೊಮ್ಮೆ, 14.3. ಇಷ್ಟು ಒಪ್ಪವಾದ ರೀಡಿಂಗ್ ನಮ್ಮ ಬ್ಯಾಚಿನಲ್ಲಿ ಯಾರಿಗೂ ಬಂದಿರಲಿಲ್ಲ. ಲೆಕ್ಕ ಹಾಕಿದೆ: 20 ಗುಣಿಸು 0.1, ಭಾಗಿಸು 14.3. ಉತ್ತರ 0.14. ಹೆಮ್ಮೆಯಿಂದಲೇ ಪುಸ್ತಕ ಕೊಂಡೊಯ್ದೆ.

ಮೇಡಂ ನನ್ನ ಫ್ಲಾಸ್ಕ್ ನೋಡಲಿಲ್ಲ, ಬ್ಯುರೆಟ್ ನೋಡಲಿಲ್ಲ. ಪುಸ್ತಕದ ಕೊನೆಯ ಸಾಲು ಮಾತ್ರ ನೋಡಿದರು.

“ಬಾಟಲಿ ಮೇಲೆ ಏನು ಬರೆದಿದೆಯಪ್ಪ?”

“ಆಕ್ಸಾಲಿಕ್ ಆಸಿಡ್, ಮೇಡಂ.”

“ಹೋಗಿ ಪೂರ್ತಿ ಓದಿಕೊಂಡು ಬಾ.”

ಓದಿದೆ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಡೈಹೈಡ್ರೇಟ್ ಎಂದಿತ್ತು. ಅಣುತೂಕ 126. ಒಂದೊಂದು ಅಣುವಿಗೂ ಎರಡು ನೀರಿನ ಅಣು ಅಂಟಿಕೊಂಡಿವೆ, ನಾನು ತೂಗಿದ್ದರಲ್ಲಿ ಆ ನೀರೂ ಸೇರಿತ್ತು. ನನಗೆ ಬೇಕಿದ್ದದ್ದು ಕಾಲು ಲೀಟರಿಗೆ 1.575 ಗ್ರಾಂ.

“ಈಗ 126ನ್ನ 90ರಿಂದ ಭಾಗಿಸು” ಅಂದರು. ಭಾಗಿಸಿದೆ. 1.4. ನನ್ನ ಉತ್ತರ 0.14, ಬರಬೇಕಾಗಿದ್ದದ್ದು 0.1. ತಪ್ಪು ಕೂಡ ಅಷ್ಟು ಕರಾರುವಾಕ್ಕಾಗಿ ಬಂದಿತ್ತು. “ನಿನ್ನ ಕೈ ಚೆನ್ನಾಗಿದೆ. ಟೈಟ್ರೇಷನ್‌ನಲ್ಲಿ ಒಂದು ಹನೀನೂ ತಪ್ಪಿಲ್ಲ” ಅಂದರು. ಅವರು ನನಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು. ಆ ಪ್ರಯೋಗಕ್ಕೆ ಮಾರ್ಕ್ಸ್ ಮಾತ್ರ ಪೂರ್ತಿ ಕೊಡಲಿಲ್ಲ.

ಹಾಸ್ಟೆಲ್‌ಗೆ ಹೋಗಿ ಇಂಟರ್ನಲ್ ಪೇಪರ್ ತೆಗೆದು ಮತ್ತೆ ನೋಡಿದೆ. ಕಳೆದುಕೊಂಡ ಹದಿನೆಂಟರಲ್ಲಿ ಹನ್ನೊಂದು ಮಾರ್ಕ್ಸ್ ಇದೇ ಜಾತಿಯ ತಪ್ಪುಗಳಿಗೆ ಹೋಗಿದ್ದವು. ಎಂಎಲ್ ಅನ್ನು ಲೀಟರ್ ಮಾಡದೆ ಹಾಕಿದ್ದು, ಸೆಲ್ಸಿಯಸ್ಸನ್ನು ಕೆಲ್ವಿನ್ ಮಾಡದೆ ಬಿಟ್ಟಿದ್ದು, ಮೋಲಾರಿಟಿ ಕೇಳಿದ ಕಡೆ ನಾರ್ಮಾಲಿಟಿ ಬರೆದಿದ್ದು. ಮೇಡಂ ಕೆಂಪು ಪೆನ್ನಿನಲ್ಲಿ ಪ್ರತಿಯೊಂದಕ್ಕೂ ಸುತ್ತು ಹಾಕಿದ್ದರು. ನಾನು ಒಟ್ಟು ಅಂಕ ನೋಡಿ ಮಡಚಿ ಇಟ್ಟಿದ್ದೆ ಅಷ್ಟೆ.

ಅಲ್ಲಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡೆ. ಅದರಲ್ಲಿ ಸರಿ ಉತ್ತರ ಬರೆಯುತ್ತಿರಲಿಲ್ಲ, ತಪ್ಪುಗಳನ್ನು ಮಾತ್ರ ಬರೆಯುತ್ತಿದ್ದೆ. ಏನು ಬರೆದೆ, ಏನು ಬರೆಯಬೇಕಿತ್ತು, ಯಾವ ಪದ ಓದದೆ ಬಿಟ್ಟೆ. ಮೂರನೆಯದೇ ಮುಖ್ಯವಾಗಿತ್ತು. ತಿಂಗಳಾಗುವಷ್ಟರಲ್ಲಿ ನನಗೆ ಒಂದು ಕಂಡಿತು: ನಾನು ಎಡವುತ್ತಿದ್ದುದು ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ ಪ್ರಶ್ನೆಯ ಇಂಗ್ಲಿಷಿನಲ್ಲಿ. ‘ಎಕ್ಸೆಸ್’, ‘ರೆಸ್ಪೆಕ್ಟಿವ್ಲಿ’, ‘ನೆಗ್ಲಿಜಿಬಲ್’, ‘ಅನ್‌ಹೈಡ್ರಸ್’. ಸೂತ್ರ ಗೊತ್ತು, ಈ ನಾಲ್ಕು ಪದ ಗೊತ್ತಿಲ್ಲ, ಲೆಕ್ಕವೇ ಬೇರೆ ದಾರಿ ಹಿಡಿಯುತ್ತದೆ. ನೋಟ್‌ಬುಕ್ಕಿನ ಹಿಂದಿನಿಂದ ಅಂಥ ಪದಗಳನ್ನು ಕನ್ನಡದ ಅರ್ಥದ ಜೊತೆ ಬರೆಯುತ್ತ ಬಂದೆ.

ಎರಡನೆಯ ಅಭ್ಯಾಸ, ಲೆಕ್ಕಕ್ಕೆ ಕೈ ಹಾಕುವ ಮೊದಲು ಉತ್ತರ ಎಷ್ಟರ ಸುಮಾರಿಗೆ ಬರಬೇಕು ಎಂದು ಪೆನ್ಸಿಲ್‌ನಲ್ಲಿ ಬರೆಯುವುದು. ಎರಡು ದ್ರಾವಣವೂ ಸುಮಾರು 0.1 ಆದರೆ 20ಕ್ಕೆ 20ರ ಹತ್ತಿರ ಬರಬೇಕು. 14 ಬಂದರೆ ಖುಷಿಪಡುವ ಬದಲು ಬಾಟಲಿಯ ಕಡೆ ನಡೆಯಬೇಕು. ನಾರ್ಮಾಲಿಟಿಯ ಲೆಕ್ಕ ಬಂದಾಗ ಕ್ರಿಯೆಯನ್ನು ಮೊದಲು ಬರೆಯದೆ ಮುಂದೆ ಹೋಗುತ್ತಿರಲಿಲ್ಲ. ಪರ್ಮಾಂಗನೇಟ್‌ನ ಅಣುತೂಕ 158. ಆಮ್ಲದಲ್ಲಿ ಅದು 5 ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ, ಸಮಾನತೂಕ 31.6. ತಟಸ್ಥ ದ್ರಾವಣದಲ್ಲಿ ಮೂರೇ ತೆಗೆದುಕೊಂಡು ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಆಗುತ್ತದೆ, ಆಗ 52.7. ಒಂದೇ ಬಾಟಲಿ, ಎರಡು ಸಮಾನತೂಕ. ಟೈಟ್ರೇಷನ್ ಮಧ್ಯೆ ಫ್ಲಾಸ್ಕಿನಲ್ಲಿ ಕಂದು ಬಣ್ಣ ಕಂಡರೆ ಆಸಿಡ್ ಸಾಲದೆ ಹೋಗಿದೆ ಎಂದು ತಿಳಿಯುವುದೂ ಇದರಿಂದಲೇ. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಯಾಕೆ ಹಾಕಬಾರದು ಎಂಬ ವೈವಾ ಪ್ರಶ್ನೆಗೂ ಉತ್ತರ ಇಲ್ಲೇ ಇದೆ: ಪರ್ಮಾಂಗನೇಟ್ ಕ್ಲೋರೈಡನ್ನೂ ಉತ್ಕರ್ಷಿಸುತ್ತದೆ, ರೀಡಿಂಗ್ ಕೆಡುತ್ತದೆ.

ಮೂರನೆಯದು ರೂಮ್‌ಮೇಟ್‌ಗೆ ದಿನಾ ರಾತ್ರಿ ಕನ್ನಡದಲ್ಲಿ ಪಾಠ ಹೇಳುವುದು. ಕನ್ನಡದಲ್ಲಿ ಹೇಳಲು ಕೂತರೆ ಮುಚ್ಚಿಟ್ಟುಕೊಳ್ಳಲು ಜಾಗವಿರುವುದಿಲ್ಲ. ‘ಎಫೆಕ್ಟಿವ್ ನ್ಯೂಕ್ಲಿಯರ್ ಚಾರ್ಜ್’ ಎಂದು ಬರೆದು ಮುಂದೆ ಹೋಗಬಹುದು, ಅವನಿಗೆ ಹಾಗೆ ಹೇಳಿದರೆ “ಅಂದ್ರೇನ್ಲಾ?” ಎನ್ನುತ್ತಿದ್ದ. ಒಮ್ಮೆ ಅವನೇ ಕೇಳಿದ: ಆಮ್ಲಜನಕ ಅಂದ್ರೆ ಆಮ್ಲ ಹುಟ್ಟಿಸೋದು ಅಂತ ತಾನೆ, ಮತ್ತೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವಲ್ಲ? ನನಗೆ ಉತ್ತರ ಗೊತ್ತಿರಲಿಲ್ಲ. ಧೈರ್ಯ ಮಾಡಿ ಇಬ್ಬರೂ ಸ್ಟಾಫ್ ರೂಮಿಗೆ ಹೋದೆವು. ಮೇಡಂ ಕುರ್ಚಿ ತೋರಿಸಿ ಕೂರಿಸಿದರು. ಲವಾಸಿಯೇ ಎಂಬ ಫ್ರೆಂಚ್ ವಿಜ್ಞಾನಿ ಎಲ್ಲ ಆಮ್ಲದಲ್ಲೂ ಈ ಅನಿಲ ಇದ್ದೇ ಇರುತ್ತದೆ ಎಂದು ನಂಬಿ ಗ್ರೀಕ್‌ನಿಂದ ಆ ಹೆಸರಿಟ್ಟಿದ್ದು, 1810ರಲ್ಲಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲವಸ್ತು, ಅದರಲ್ಲಿ ಆಮ್ಲಜನಕವಿಲ್ಲ ಎಂದು ತೋರಿಸಿದ್ದು, ಅಷ್ಟರಲ್ಲಿ ಹೆಸರು ನಿಂತುಬಿಟ್ಟಿದ್ದು, ನಮ್ಮ ಕನ್ನಡದ ಪದ ಆ ಹೆಸರಿನ ಅರ್ಥವನ್ನೇ ಹೊತ್ತು ಬಂದಿದ್ದು, ಎಲ್ಲವನ್ನೂ ಅರ್ಧ ಗಂಟೆ ಕನ್ನಡದಲ್ಲೇ ಹೇಳಿದರು. “ಈ ಪ್ರಶ್ನೆ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಹೊಳೆಯೋದು ಕಷ್ಟ. ಅವರಿಗೆ ಆಕ್ಸಿಜನ್ ಅನ್ನೋ ಪದದೊಳಗೆ ಏನಿದೆ ಅಂತ ಕಾಣಲ್ಲ” ಅಂದರು. ನನ್ನ ಭಾಷೆಯಿಂದ ಈ ವಿಷಯದಲ್ಲಿ ನನಗೆ ಅನುಕೂಲವೂ ಇದೆ ಎಂದು ಮೊದಲ ಸಲ ಅನ್ನಿಸಿದ್ದು ಆ ಸ್ಟಾಫ್ ರೂಮಿನಲ್ಲಿ.

ಎರಡನೇ ಇಂಟರ್ನಲ್‌ನಲ್ಲಿ 16 ಬಂತು. ಸೆಮಿಸ್ಟರ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ.

ರೂಮ್‌ಮೇಟ್‌ಗೆ ಬರಲಿಲ್ಲ. ಅವನು ಬೆಳಗಿನ ಜಾವ ಮನೆಮನೆಗೆ ನ್ಯೂಸ್‌ಪೇಪರ್ ಹಾಕಿ, ಸಂಜೆ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದ. ಮೇಡಂ ಬೋರ್ಡಿನ ಮೇಲೆ ಬರೆಯುತ್ತಿದ್ದ ವೇಗ ಅವನಿಗೆ ಕೊನೆಯವರೆಗೂ ಕೈಗೆ ಸಿಗಲಿಲ್ಲ. ಕೆಮಿಸ್ಟ್ರಿ ಪೇಪರ್ ಪಾಸಾಗದೆ ಉಳಿಸಿಕೊಂಡು, ಮುಂದಿನ ವರ್ಷ ಬಿ.ಎ.ಗೆ ಸೇರಿದ. ಆಮ್ಲಜನಕದ ಪ್ರಶ್ನೆ ಕೇಳಿದ ಹುಡುಗನನ್ನು ಆ ಪೇಪರ್ ಹೊರಗೆ ಕಳಿಸಿತು, ಬರೀ ಉರು ಹೊಡೆಯುತ್ತಿದ್ದ ನನ್ನನ್ನು ಉಳಿಸಿಕೊಂಡಿತು. ಇದನ್ನು ನಾನು ಇವತ್ತಿಗೂ ಒಪ್ಪಿಕೊಂಡಿಲ್ಲ. ಮೇಡಂ ಮೇಲೆ ನನಗಿರುವ ಗೌರವ ದೊಡ್ಡದು, ಆದರೂ ಮೊದಲ ಎರಡು ವಾರ ಅವರು ಸ್ವಲ್ಪ ನಿಧಾನ ಮಾಡಿದ್ದರೆ, ಸ್ಟಾಫ್ ರೂಮಿನಲ್ಲಿ ಆಡಿದ ಕನ್ನಡದ ಕಾಲು ಭಾಗವನ್ನು ಕ್ಲಾಸಿನಲ್ಲಿ ಆಡಿದ್ದರೆ, ಅವನು ಉಳಿಯುತ್ತಿದ್ದ ಎಂಬುದು ನನ್ನ ಅಭಿಪ್ರಾಯ. ಸೆಮಿಸ್ಟರ್ ಕೊನೆಗೆ ಕಾಲೇಜು ಕೊಟ್ಟ ಫೀಡ್‌ಬ್ಯಾಕ್ ಫಾರಂನಲ್ಲಿ ನಾನು ಅದನ್ನೇ ಬರೆದೆ, ಹೆಸರು ಹಾಕಿಯೇ ಬರೆದೆ. ‘ಪಾಠ ಬಹಳ ಚೆನ್ನಾಗಿದೆ. ಆದರೆ ಕನ್ನಡ ಮೀಡಿಯಂನವರಿಗೆ ಮೊದಲ ತಿಂಗಳು ಅರ್ಥವಾಗುವುದಿಲ್ಲ.’ ಬಹುಪಾಲು ಹುಡುಗರು ಐದಕ್ಕೆ ಒಂದು ಎಂದು ಸುತ್ತು ಹಾಕಿ ಕೊಟ್ಟಿದ್ದರು. ಕೆಲವರು ಐದಕ್ಕೆ ಐದು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲಿಗೆ ಸರಾಸರಿ ಹೋಗುತ್ತದೆ, ಆ ಸರಾಸರಿಯಲ್ಲಿ ಇಬ್ಬರ ಮಾತೂ ಇರುವುದಿಲ್ಲ.

ಮೂರನೇ ಸೆಮಿಸ್ಟರ್‌ನಲ್ಲಿ ಮೇಡಂ ಮತ್ತೆ ನಮಗೆ ಬಂದಾಗ, ಹೊಸ ಅಧ್ಯಾಯ ಶುರುವಾದ ದಿನ ಬೋರ್ಡಿನ ಎಡತುದಿಯಲ್ಲಿ ಹತ್ತು ಇಂಗ್ಲಿಷ್ ಪದಗಳನ್ನೂ ಪಕ್ಕದಲ್ಲಿ ಕನ್ನಡವನ್ನೂ ಬರೆದರು. ನನ್ನ ಕಡೆ ನೋಡಲಿಲ್ಲ.

ನನ್ನ ಕ್ಲಾಸಿನಲ್ಲಿ ಈಗ ಮೊದಲ ಹತ್ತು ದಿನ ಸಿಲಬಸ್ ಮುಟ್ಟುವುದಿಲ್ಲ. ಮಾನಗಳು, ಮೋಲ್, ಲೇಬಲ್ ಓದುವುದು, ಅಷ್ಟೇ. ನಾವು ಓದುವಾಗ ಮೋಲ್ ಎಂದರೆ 12 ಗ್ರಾಂ ಕಾರ್ಬನ್-12ರಲ್ಲಿರುವಷ್ಟು ಪರಮಾಣುಗಳು ಎಂದು ಬರೆದಿದ್ದೆವು. 2019ರಿಂದ 6.02214076×10²³ ಎಂಬ ಸಂಖ್ಯೆಯನ್ನೇ ನೇರವಾಗಿ ವ್ಯಾಖ್ಯೆಯಾಗಿ ಇಟ್ಟಿದ್ದಾರೆ. ಹಳ್ಳಿ ಮಕ್ಕಳಿಗೆ ಇದನ್ನು ಹೇಳುವುದು ಸಲೀಸು, ಡಜನ್ ಎಂದರೆ ಹನ್ನೆರಡು ಎನ್ನುವಷ್ಟೇ ನೇರ. ಹತ್ತು ದಿನ ಹಿಂದೆ ಬಿದ್ದ ಪಾಠವನ್ನು ನವೆಂಬರ್‌ನಲ್ಲಿ ಭಾನುವಾರ ಬೆಳಗ್ಗೆ ಕ್ಲಾಸ್ ಇಟ್ಟು ತುಂಬಿಸುತ್ತೇನೆ. ಸಂಜೆ ಕೆಲಸಕ್ಕೆ ಹೋಗುವ ಹುಡುಗರೂ ಬರಲಿ ಎಂದು ಏಳಕ್ಕೇ ಶುರು ಮಾಡುತ್ತಿದ್ದೆ. ಹೋದ ವರ್ಷದ ಫಾರಂನಲ್ಲಿ ಒಬ್ಬಳು ಬರೆದಿದ್ದಳು, ‘ಸರ್ ಮಾರ್ಕ್ಸ್ ಹಾಕಲ್ಲ, ಭಾನುವಾರ ಕರೀತಾರೆ.’ ಕೆಳಗೆ ಬೇರೆ ಪೆನ್ನಿನಲ್ಲಿ, ‘ಬಸ್ ಏಳೂವರೆಗೆ ಬರೋದು, ಎಂಟಕ್ಕೆ ಇಡಿ.’ ಈ ಸಲ ಎಂಟಕ್ಕೆ ಇಟ್ಟಿದ್ದೇನೆ.