ಮುನ್ನೂರು ಜನರ ಮುಂದೆ ಮೂರು ಬಟ್ಟಲು

ಬಟ್ಟಲು-ಚೆಂಡಿನ ಜಾದೂವನ್ನು, ಅಂದರೆ ಮಗುಚಿಟ್ಟ ಮೂರು ಬಟ್ಟಲ ಕೆಳಗೆ ಚೆಂಡು ಮಾಯವಾಗಿ ಮತ್ತೆ ಸಿಗುವ ಆಟವನ್ನು, ದೊಡ್ಡ ಸಭೆಗೆ ಮಾಡಬಹುದು. ಸ್ಟೇಜ್ ಬೇಡ, ಕಲರ್ ಲೈಟ್ ಬೇಡ, ಕ್ಯಾಮೆರಾ ಇಟ್ಟು ಸ್ಕ್ರೀನ್ ಮೇಲೆ ತೋರಿಸುವುದೂ ಬೇಡ. ಮೂರು ಕಡೆ ಜನ ಕೂತಿದ್ದರೂ ಕೊನೆಯ ಸಾಲಿನವರೆಗೆ ಮುಟ್ಟುತ್ತದೆ. ನಾಲ್ಕೈದು ವರ್ಷದಿಂದ ಮಾಡುತ್ತಿದ್ದೇನೆ. ಆಗಲ್ಲ ಅಂದವರೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಹಾಸನದಲ್ಲಿ. ಔಷಧಿ ಅಂಗಡಿ ಇದೆ. ಭಾನುವಾರ, ಹಬ್ಬ-ಹುಣ್ಣಿಮೆಗೆ ಜಾದೂ. ಜಾದೂ ಗೆಳೆಯರು ಸೇರಿದ್ದಾಗ ಈ ಮಾತೆತ್ತಿದೆ. ಒಬ್ಬ ಹಿರಿಯರು, "ರೀ, ಅದು ಟೀಪಾಯಿ ಮೇಲಿನ ಐಟಂ. ಮೂರನೇ ಸಾಲು ದಾಟಿದ್ರೆ ಯಾರಿಗ್ರೀ ಕಾಣುತ್ತೆ?" ಅಂದರು. ಇನ್ನೊಬ್ಬರು, "ಆಂಗಲ್ ಸಿಗಲ್ಲ, ಪಕ್ಕದಲ್ಲಿ ಕೂತವನು ಲೋಡ್ ನೋಡಿಬಿಡ್ತಾನೆ" ಅಂದರು. ಲೋಡ್ ಅಂದರೆ ಬಟ್ಟಲ ಕೆಳಗೆ ಗುಟ್ಟಾಗಿ ಸೇರಿಸುವ ವಸ್ತು. ಇಬ್ಬರೂ ಅನುಭವಸ್ಥರೇ. ಆದರೆ ನಮ್ಮಲ್ಲಿ ಪಿ.ಸಿ. ಸರ್ಕಾರ್ ಅವರ ಇಂದ್ರಜಾಲದ ಗುಂಗು ಇನ್ನೂ ಇಳಿದಿಲ್ಲ. ಜಾದೂ ಅಂದರೆ ರಾಜನ ಪೇಟ, ದೊಡ್ಡ ಪೆಟ್ಟಿಗೆ, ಹಿಂದೆ ವಾದ್ಯ. ಸರ್ಕಾರ್ ಅವರ ಹಿಂದೆ ದೊಡ್ಡ ತಂಡವೇ ಇತ್ತು. ನನ್ನ ಹಿಂದೆ ಇರುವುದು ಒಂದು ಸ್ಕೂಟರ್.

ಪೆಟ್ಟಿಗೆಯನ್ನೂ ನೋಡಿದ್ದೇನೆ. ಹುಡುಗ ಒಳಗೆ ಕೂತು ಮಾಯ ಆಗುವಂಥದ್ದು. ಸುಮಾರು 18 ಸಾವಿರ ಕೊಟ್ಟಿದ್ದೆ. ಪ್ಲೈವುಡ್ ಭಾರ, ಎತ್ತಲು ಇಬ್ಬರು ಬೇಕು. ಸಕಲೇಶಪುರದಲ್ಲಿ ಒಂದು ಪ್ರೋಗ್ರಾಂ ಮಾಡಿದೆ. ಸಂಭಾವನೆ 3,500. ಗೂಡ್ಸ್ ಆಟೋಗೆ 1,800 ಹೋಯ್ತು, ಹುಡುಗರಿಗೆ ತಲಾ ಐನೂರು. ಕೈಯಲ್ಲಿ ಉಳಿದದ್ದು ಏಳುನೂರು. ಮಳೆಯಲ್ಲಿ ಪ್ಲೈ ಉಬ್ಬಿ ಬಾಗಿಲು ಹಿಡಿದುಕೊಳ್ಳಲು ಶುರುವಾಯ್ತು. ಕೊನೆಗೆ ಆರು ಸಾವಿರಕ್ಕೆ ಕೊಟ್ಟೆ. ಆ ಐಟಂ ಚೆನ್ನಾಗಿಯೇ ಇದೆ. ಆದರೆ ತಂಡ ಇದ್ದವರಿಗೆ ಅದು, ಒಂಟಿ ಮನುಷ್ಯನಿಗಲ್ಲ.

ಹಾಗಾಗಿ ಬಟ್ಟಲಿಗೆ ಬಂದೆ. ಕೇರಳದಲ್ಲಿ ವಾಳಕುನ್ನಂ ನಂಬೂದಿರಿಯವರು ಇದೇ ಆಟದಿಂದ ಹೆಸರು ಮಾಡಿದವರು. ಅಲ್ಲಿ ಇವತ್ತಿಗೂ ಬಟ್ಟಲಾಟಕ್ಕೆ ಬಹಳ ಮರ್ಯಾದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಆಡುವ ಆಟವಿದು. ನಮ್ಮ ಬಟ್ಟಲಿಗೆ ಮೇಲೊಂದು ಗುಬ್ಬಿ, ಅಂದರೆ ಗುಂಡನೆಯ ಸಣ್ಣ ಹಿಡಿ, ಇರುತ್ತದೆ, ಅದನ್ನು ಬೆರಳ ಸಂದಿಯಲ್ಲಿ ಹಿಡಿದು ಎತ್ತುತ್ತೇವೆ. ವಿದೇಶಿ ಲೋಹದ ಕಪ್ಪುಗಳನ್ನು ಟೇಬಲ್ ಹಿಂದೆ ನಿಂತು ಆಡುವುದೇ ಬೇರೆ. ನಾನು ಎರಡನ್ನೂ ಆಡಿದ್ದೇನೆ. ಕೂತಾಗ ಸಿಗುವ ಮಡಿಲು ನಿಂತಾಗ ಸಿಗುವುದಿಲ್ಲ. ಗುಟ್ಟಾಗಿ ಇಡಲು, ತೆಗೆಯಲು ಅದೇ ಜಾಗ.

ತೊಡಕು ಇದ್ದದ್ದು ಎತ್ತರದಲ್ಲಿ. ನೆಲದ ಮೇಲೆ ಕೂತರೆ ಐದನೇ ಸಾಲಿಗೆ ನನ್ನ ತಲೆ ಮಾತ್ರ ಕಾಣುತ್ತದೆ. ಮೇಷ್ಟ್ರ ಟೇಬಲ್ ಮೇಲೆ ಹತ್ತಿ ಕೂತರೆ ಮುಂದೆ ಕೂತ ಮಕ್ಕಳಿಗೆ ಬಟ್ಟಲ ಬುಡ, ಚೆಂಡು ಕಾಣುವುದಿಲ್ಲ. ಎರಡನ್ನೂ ಶಾಲೆಗಳಲ್ಲಿ ಮಾಡಿ ನೋಡಿದೆ, ಎರಡೂ ನೆಲಕಚ್ಚಿದವು. ಒಂದು ಕಡೆ ಹಿಂದಿನ ಸಾಲಿನ ಹುಡುಗರು ಎದ್ದು ಕ್ರಿಕೆಟ್ ಆಡಲು ಹೋದರು. ಕೊನೆಗೆ ಸರಿಹೋದದ್ದು ಒಂದೂವರೆ ಅಡಿ, ಅಂದರೆ ಮಂಚದ ಎತ್ತರ. ಈಗ ಹೋದ ಕಡೆಯೆಲ್ಲ ಎರಡು ತಗ್ಗು ಬೆಂಚು ಅಥವಾ ದಿವಾನ್ ಕೇಳುತ್ತೇನೆ. ಅದರ ಮೇಲೆ ಜಮಖಾನ, ನನ್ನ ಮುಂದೆ ಒಂದು ಅಗಲದ ಮಣೆ.

ಈ ಮಣೆಯೇ ಆಟದ ಜೀವ. ನನ್ನ ಕಡೆಯ ಅಂಚು ಎರಡು ಬೆರಳಷ್ಟು ಎತ್ತರ, ಜನರ ಕಡೆಗೆ ಇಳಿಜಾರು. ಮೇಲೆ ಕರಿ ಕಂಬಳಿ ಹೊದಿಸಿದ್ದೇನೆ. ಕಂಬಳಿ ಒರಟು, ಹಾಗಾಗಿ ಇಳಿಜಾರಿದ್ದರೂ ಬಟ್ಟೆಯ ಚೆಂಡು ಉರುಳುವುದಿಲ್ಲ. ವೆಲ್ವೆಟ್ ಹಾಕಿ ನೋಡಿದೆ, ಜಾರಿತು. ಇಳಿಜಾರಿನಿಂದ ಹಿಂದಿನವರಿಗೆ ಬಟ್ಟಲು ಪೂರ್ತಿ ಕಾಣುತ್ತದೆ. ಅದೇ ಎತ್ತರದ ಅಂಚು ನನ್ನ ಮಡಿಲನ್ನು ಮುಂದಿನ ಸಾಲಿನಿಂದ ಮುಚ್ಚುತ್ತದೆ. ಪಕ್ಕದವರ ಆಂಗಲ್‌ಗೆ ಮೊಣಕಾಲು ಇದೆ, ಪಂಚೆ ಇದೆ. ಪ್ಯಾಂಟು ಹಾಕಿ ಈ ಆಟ ಆಗುವುದೇ ಇಲ್ಲ. ಕೋಟು-ಟೋಪಿ ಇಲ್ಲದಿದ್ದರೆ ಜಾದೂಗಾರ ಅಂತ ಒಪ್ಪುತ್ತಾರಾ ಅಂತ ಕೆಲವರು ಕೇಳಿದ್ದರು. ಪಂಚೆ, ಜುಬ್ಬ ಹಾಕಿ ಕೂತರೆ ಜನ ಇನ್ನೂ ಹತ್ತಿರ ಬರುತ್ತಾರೆ.

ಬೆನ್ನ ಹಿಂದೆ ಗೋಡೆ ಇರಲೇಬೇಕು. ಕಲ್ಯಾಣ ಮಂಟಪವಾದರೆ ಬಾಲ್ಕನಿ ಬೀಗ ಹಾಕಿಸಿ. ಮೇಲಿಂದ ನೋಡುವ ಒಬ್ಬನಿಂದ ಇಡೀ ಆಟ ಹೋಗುತ್ತದೆ. ನಿಂತು ನೋಡುವವರು ಇಪ್ಪತ್ತೈದು ಅಡಿ ಹಿಂದೆ ಇರಲಿ.

ಬಟ್ಟಲು ಚನ್ನಪಟ್ಟಣದ್ದು. ಮೊದಲು ಹಿತ್ತಾಳೆಯದ್ದಿತ್ತು. ಕಾಲರ್ ಮೈಕಿನಲ್ಲಿ ಠಣ್ ಠಣ್ ಅಂತ ಕಿವಿ ಕಿತ್ತುಹೋಗುತ್ತಿತ್ತು. ಒಳಗೆ ಚೆಂಡಿಗಿಂತ ಗಟ್ಟಿಯಾದದ್ದು ಏನಿದ್ದರೂ ಸದ್ದು ಹೇಳಿಬಿಡುತ್ತಿತ್ತು. ಚನ್ನಪಟ್ಟಣದಲ್ಲಿ ಆಲೆಮರದಲ್ಲಿ ಬೊಂಬೆ ಕಡೆಯುವ ಒಬ್ಬರ ಹತ್ತಿರ ಹೋಗಿ, ಬಾಯಿ ಮೂರು ಇಂಚು, ಎತ್ತರ ಮೂರಕ್ಕಿಂತ ಸ್ವಲ್ಪ ಜಾಸ್ತಿ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಅವರು ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರು. ಆ ಬಿಸಿಗೇ ಅರಗು ಕರಗಿ ಹಳದಿ, ಕೆಂಪು ಪಟ್ಟೆ ಕೂತವು. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟರು. ನೋಡಲು ಎರಡು ಕಣ್ಣು ಸಾಲದು. ಆದರೆ ಮೊದಲ ಸೆಟ್‌ನಲ್ಲಿ ಗುಬ್ಬಿಗೂ ಅರಗು ಬಿದ್ದಿತ್ತು. ಬೆವರು ಕೈಯಲ್ಲಿ ಜಾರಿ ಬಟ್ಟಲು ನೇರ ಮಕ್ಕಳ ಮಧ್ಯೆ ಹೋಯ್ತು. ಎರಡನೇ ಸೆಟ್‌ಗೆ ಗುಬ್ಬಿಗೆ ಬಣ್ಣ ಬೇಡ ಅಂದೆ. ಬರೀ ಮರ, ಸ್ವಲ್ಪ ದಪ್ಪ. ಎರಡೂ ಸೇರಿ ಎರಡೂವರೆ ಸಾವಿರದ ಹತ್ತಿರ ಆಯ್ತು. ಇದರ ಸದ್ದು ಮೈಕಿನಲ್ಲಿ ಟೊಕ್ ಟೊಕ್ ಅಂತ ಹಿತವಾಗಿದೆ. ಆ ಸದ್ದನ್ನೇ ತಾಳದ ಹಾಗೆ ಬಳಸುತ್ತೇನೆ. ಎರಡು ಟೊಕ್ ಕೇಳಿದರೆ ಎಲ್ಲರ ಕಣ್ಣು ಬಲಗಡೆಯ ಬಟ್ಟಲಿಗೆ ಹೋಗುತ್ತದೆ. ಆಗ ಎಡಗೈಗೆ ಬಿಡುವು.

ಚೆಂಡಿಗೆ ಸ್ಪಂಜು, ಉಲ್ಲನ್ ಎಲ್ಲ ನೋಡಿದೆ. ಹಳೇ ಹತ್ತಿ ಸೀರೆಯ ಚೂರನ್ನು ಸುತ್ತಿ, ದಾರ ಬಿಗಿದು, ಕೆಂಪು ಬಟ್ಟೆ ಹೊಲಿದದ್ದೇ ಸರಿ. ನೆಲ್ಲಿಕಾಯಿ ಗಾತ್ರ. ಖರ್ಚಿಲ್ಲ. ಬೇಸಿಗೆಯಲ್ಲಿ ಬಯಲುಸೀಮೆ ಕಡೆ ಹೋದಾಗ ಕೈ ಒಣಗಿ ಪಾಮ್, ಅಂದರೆ ಅಂಗೈಯಲ್ಲಿ ಬಚ್ಚಿಟ್ಟ ಚೆಂಡು, ನಿಲ್ಲುವುದಿಲ್ಲ. ಎರಡು ಹನಿ ಗ್ಲಿಸರಿನ್ ಸವರಿಕೊಳ್ಳಿ. ಕರಾವಳಿಯಲ್ಲಿ ಉಲ್ಟಾ, ಅಲ್ಲಿ ಪೌಡರ್ ಬೇಕು.

ನೆಲ್ಲಿಕಾಯಿ ಗಾತ್ರದ ಚೆಂಡು ನಲವತ್ತು ಅಡಿ ದೂರಕ್ಕೆ ಕಾಣುತ್ತದಾ? ಕಾಣುವುದಿಲ್ಲ. ಕಾಣುವ ಅಗತ್ಯವೂ ಇಲ್ಲ. ಇದನ್ನು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಮೂರು ಮಕ್ಕಳನ್ನು ಕರೆದು ನನ್ನ ಎರಡೂ ಪಕ್ಕ, ಮುಂದೆ ಕೂರಿಸುತ್ತೇನೆ. ಒಂದೊಂದು ಬಟ್ಟಲಿಗೆ ಒಬ್ಬರು ಯಜಮಾನರು. ಚೆಂಡು ಸಿಕ್ಕಾಗ ಆ ಮಗು ಎದ್ದು ನಿಂತು, ಕೈ ಮೇಲೆತ್ತಿ, ಜೋರಾಗಿ ಲೆಕ್ಕ ಹೇಳಬೇಕು. ಹಿಂದಿನವರು ನೋಡುವುದು ಆ ಮಗುವಿನ ಮುಖ. ಅರಸೀಕೆರೆ ಹತ್ತಿರದ ಒಂದು ಶಾಲೆಯಲ್ಲಿ ಮುಷ್ಟಿಯಲ್ಲಿ ಒಂದೇ ಚೆಂಡಿದೆ ಅಂತ ನಂಬಿದ್ದ ಹುಡುಗಿ ಕೈ ಬಿಚ್ಚಿದಳು. ಎರಡಿತ್ತು. ಅವಳು ಚೆಂಡು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಮುಷ್ಟಿ ಬಿಗಿದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಕೊಡಲ್ಲ, ಇದು ನಂದು!" ಇಡೀ ಶಾಲೆ ಚಪ್ಪಾಳೆ. ಇಷ್ಟು ಸಾಕಲ್ವಾ?

ಇನ್ನು ಫೈನಲ್ ಲೋಡ್, ಅಂದರೆ ಆಟದ ಕೊನೆಗೆ ಚೆಂಡಿನ ಬದಲು ಬಟ್ಟಲ ಕೆಳಗಿನಿಂದ ಹೊರಬರುವ ವಸ್ತು. ಎಲ್ಲರ ಹಾಗೆ ನಿಂಬೆಹಣ್ಣಿನಿಂದ ಶುರು ಮಾಡಿದೆ. ಹಳ್ಳಿಗಳಲ್ಲಿ ಕೆಲಸ ಕೆಟ್ಟಿತು. ಬಟ್ಟಲ ಕೆಳಗೆ ನಿಂಬೆಹಣ್ಣು ಕಂಡ ಕೂಡಲೇ ಮಾಟ-ಮಂತ್ರ ಅಂತ ತಾಯಂದಿರು ಮಕ್ಕಳನ್ನು ಎಳೆದುಕೊಂಡು ಹೋದರು. ನನಗೆ ಇದು ಬಹಳ ನೋವಿನ ವಿಷಯ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಚ್. ನರಸಿಂಹಯ್ಯನವರು ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ಅಂಥ ನಾಡಿನಲ್ಲಿ ನನ್ನ ಕೈಚಳಕ ನೋಡಿ ಒಂದು ಮಗು ಮಾಟಕ್ಕೆ ಹೆದರಬಾರದು. ಆಟ ಶುರು ಮಾಡುವಾಗಲೇ, ಇದು ಅಭ್ಯಾಸ, ಮಂತ್ರ ಅಲ್ಲ ಅಂತ ಹೇಳುತ್ತೇನೆ.

ಟೊಮೆಟೊ ಇಟ್ಟೆ, ಒಡೆದು ಪಂಚೆಯೆಲ್ಲ ಕೆಂಪು. ಈರುಳ್ಳಿ ಇಟ್ಟೆ, ವಾಸನೆ ಮೊದಲೇ ಬಂತು. ಊರಲ್ಲಿ ಒಂದು ಪ್ರೋಗ್ರಾಂಗೆ ಅಡುಗೆಮನೆಯಿಂದ ಆಲೂಗಡ್ಡೆ ಎತ್ತಿಕೊಂಡು ಹೋದೆ. ಹಾಸನದ ಜನಕ್ಕೆ ಆಲೂಗಡ್ಡೆ ಅಂದರೆ ಹೊಲ, ಸಾಲ, ಮಂಡಿ ರೇಟು ಎಲ್ಲ. ಮೂರು ಬಟ್ಟಲು ಎತ್ತಿ ಮೂರು ಆಲೂಗಡ್ಡೆ ಉರುಳಿಸಿದಾಗ ಹಿಂದಿನಿಂದ ಒಬ್ಬರು, "ಸ್ವಾಮಿ, ನಮ್ಮ ಹೊಲಕ್ಕೂ ಬನ್ನಿ, ಬೀಜ ಉಳಿಯುತ್ತೆ!" ಅಂತ ಕೂಗಿದರು. ನಗು ನಿಲ್ಲಲಿಲ್ಲ. ಅವತ್ತಿನಿಂದ ಹೋದ ಊರಿನ ಬೆಳೆಯನ್ನೇ ಲೋಡ್ ಮಾಡುತ್ತೇನೆ. ಮಲೆನಾಡಿಗೆ ಸಿಪ್ಪೆ ಇರುವ ಹಸಿ ಅಡಿಕೆ. ಉಡುಪಿಗೆ ಅಲ್ಲಿನ ಗುಂಡು ಬದನೆ ಮಟ್ಟು ಗುಳ್ಳ. ಗುಳ್ಳದಲ್ಲಿ ಸಣ್ಣದನ್ನೇ ಆರಿಸಬೇಕು, ತೊಟ್ಟಿನ ಮುಳ್ಳು ಪಂಚೆಗೆ ಸಿಕ್ಕಿಕೊಳ್ಳುತ್ತದೆ, ಮೊದಲೇ ಕತ್ತರಿಸಿಕೊಳ್ಳಿ. ಬಟ್ಟಲು ಎತ್ತಿದಾಗ ಮುಂದೆ ಕೂತಿದ್ದ ಅಜ್ಜಿ, "ಇದು ನಮ್ಮ ಗುಳ್ಳ ಮಾರಾಯ್ರೆ!" ಅಂತ ಎದ್ದು ನಿಂತುಬಿಟ್ಟರು. ಹಿಂದಿನ ಸಾಲಿಗೆ ಕಾಯಿ ಕಾಣದಿದ್ದರೂ ಅಜ್ಜಿಯ ಮಾತು ಕೇಳಿತ್ತು.

ನಡುವೆ ತಂಬಿಗೆಯ ಹುಚ್ಚೂ ಹಿಡಿದಿತ್ತು. ಮತ್ತೆ ಮತ್ತೆ ಬಗ್ಗಿಸಿದರೂ ನೀರು ಬರುತ್ತಲೇ ಇರುವ ತಂಬಿಗೆ ಜಾದೂ ಮಾಡುವವರೆಲ್ಲರ ಹತ್ತಿರವೂ ಇದೆ. ಅಂಗಡಿಯಲ್ಲಿ ಸಿಗುವುದು ಹೂದಾನಿಯ ಹಾಗೆ ಕಾಣುತ್ತದೆ, ಮನೆಯ ತಂಬಿಗೆಯ ಹಾಗಲ್ಲ. ನಮ್ಮಮ್ಮನ ಹಿತ್ತಾಳೆ ತಂಬಿಗೆಯನ್ನೇ ಕೊಟ್ಟು ಒಳಗಡೆ ಬೆಸುಗೆ ಹಾಕಿಸಿದೆ. ಎರಡು ಸಲ ಸೋರಿತು, ಮೂರನೆಯ ಸಲ ನಿಂತಿತು. ಒಟ್ಟು 1,200 ರೂಪಾಯಿ. ಇದನ್ನು ಕಾವೇರಿ ಅಂತ ಕರೆಯುತ್ತೇನೆ. ಮೊದಲ ಸಲ ಬಗ್ಗಿಸುವಾಗ ತಲಕಾವೇರಿ, ಆಮೇಲೆ ಕುಶಾಲನಗರ, ಶ್ರೀರಂಗಪಟ್ಟಣ, ತಲಕಾಡು ಅಂತ ಊರು ಹೇಳುತ್ತಾ ಹೋಗುತ್ತೇನೆ. ಬಟ್ಟಲಾಟದ ಒಂದೊಂದು ಸುತ್ತು ಮುಗಿದ ಮೇಲೆ ಒಂದು ಸಲ ನೀರು ಬಗ್ಗಿಸುವುದು. ಮಂಡ್ಯದಲ್ಲಿ ಮುಂದಿನ ಊರಿನ ಹೆಸರನ್ನು ಜನರೇ ಕೂಗುತ್ತಿದ್ದರು. ಅವರು ಕೂಗುವಾಗ ನನ್ನ ಮಡಿಲಲ್ಲಿ ಏನಾಗುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮೂರು ಲೋಡ್ ಒಟ್ಟಿಗೆ ಹೇಗೆ ಹೋಗುತ್ತವೆ ಅಂತ ಕೇಳಿದವರಿಗೂ ಹೇಳಿಲ್ಲ. ಪ್ರೋಗ್ರಾಂಗೆ ಬಂದು ನೋಡಿ, ಕಂಡುಹಿಡಿದರೆ ಒಪ್ಪಿಕೊಳ್ಳುತ್ತೇನೆ.

ಲೆಕ್ಕ ಹೇಳುತ್ತೇನೆ. ಬಟ್ಟಲು, ಮಣೆ, ಕಂಬಳಿ, ತಂಬಿಗೆ, ಹೆಡ್‌ಸೆಟ್ ಮೈಕು, ಸಣ್ಣ ಸ್ಪೀಕರ್ ಎಲ್ಲ ಸೇರಿ ಹತ್ತು ಸಾವಿರ ದಾಟಿಲ್ಲ. ಕಾಲರ್ ಮೈಕು ಜುಬ್ಬಕ್ಕೆ ಉಜ್ಜುತ್ತದೆ, ಅದಕ್ಕೇ ಹೆಡ್‌ಸೆಟ್. ಎಲ್ಲವೂ ಸ್ಕೂಟರಿನಲ್ಲಿ ಹೋಗುತ್ತವೆ. ಶಾಲೆಗೆ ಎರಡು-ಎರಡೂವರೆ ಸಾವಿರ ತೆಗೆದುಕೊಳ್ಳುತ್ತೇನೆ, ಸರ್ಕಾರಿ ಶಾಲೆಗೆ ಪೆಟ್ರೋಲ್ ಖರ್ಚು ಕೊಟ್ಟರೆ ಸಾಕು. ಗಣೇಶ ಹಬ್ಬಕ್ಕೆ ಏಳೆಂಟು ಸಾವಿರದವರೆಗೂ ಸಿಗುತ್ತದೆ. ಟೀಪಾಯಿ ಐಟಂ ಅಂದಿದ್ದ ಆ ಹಿರಿಯರು ಹೋದ ವರ್ಷ ಒಂದು ಪ್ರೋಗ್ರಾಂನಲ್ಲಿ ಕೊನೆಯ ಸಾಲಿನಲ್ಲೇ ಕೂತಿದ್ದರು. ಮುಗಿದ ಮೇಲೆ ಬಂದು ಮಣೆಯ ಇಳಿಜಾರನ್ನು ಬೆರಳಿನಿಂದ ಅಳೆದರು. "ಚನ್ನಪಟ್ಟಣದವರ ನಂಬರ್ ಕೊಡ್ರಿ" ಅಂದರು. ಕೊಟ್ಟೆ.

ನಾನೂ ಆ ಚನ್ನಪಟ್ಟಣದವರ ಹತ್ತಿರ ಮೂರನೇ ಸೆಟ್ ಹೇಳಿದ್ದೇನೆ. ಬಾಯಿ ಅರ್ಧ ಇಂಚು ಜಾಸ್ತಿ. ಕೊಡಗಿನ ಕಿತ್ತಳೆ ಈಗಿನ ಬಟ್ಟಲಿಗೆ ಬಿಗಿಯಾಗುತ್ತದೆ, ಅದಕ್ಕೆ.